ಅದ್ದಿದ ನಾಣ್ಯವೋ, ಉಜ್ಜಿದ ನಾಣ್ಯವೋ?

ಹಳೆಯ ಬೆಳ್ಳಿ ನಾಣ್ಯಗಳೆರಡು ಒಂದೇ ರೀತಿ ಫಳಫಳಿಸುತ್ತಿದ್ದರೆ ಮೊದಲು ಅನುಮಾನಪಡಿ: ರಾಸಾಯನಿಕದಲ್ಲಿ ಅದ್ದಿಯೋ, ಉಜ್ಜಿಯೋ ಅವನ್ನು ಸ್ವಚ್ಛಗೊಳಿಸಿರಬಹುದು. ಒಂದೇ ಬಲ್ಬಿನ ಬೆಳಕಿನಡಿ, 5ರಿಂದ 10 ಪಟ್ಟಿನ ಭೂತಗನ್ನಡಿ ಹಿಡಿದು, ನಾಣ್ಯವನ್ನು ನಿಧಾನವಾಗಿ ವಾಲಿಸಿ ನೋಡಿ.

ಸ್ವಚ್ಛಗೊಳಿಸಲೆಂದು ಯಾರೂ ಮುಟ್ಟದ ನಾಣ್ಯದಲ್ಲಿ ಬೆಳಕಿನ ಪಟ್ಟೆಗಳು ಚಕ್ರದ ಅರಗಳಂತೆ ಸುತ್ತುತ್ತವೆ. ನಾಣ್ಯ ಒತ್ತುವ ಅಚ್ಚಿನ ಒತ್ತಡಕ್ಕೆ ಲೋಹ ದ್ರವದಂತೆ ಹರಿದು ಮೂಡಿದ ಸೂಕ್ಷ್ಮ ಗೆರೆಗಳೇ ಇದಕ್ಕೆ ಕಾರಣ. ಆಮ್ಲ ಬೆರೆತ ಥಯೋಯೂರಿಯಾ (ಬೆಳ್ಳಿಯ ಕಪ್ಪು ತೆಗೆಯುವ ರಾಸಾಯನಿಕ) ದ್ರಾವಣದಲ್ಲಿ ಅದ್ದಿದಾಗ ಕಪ್ಪು ಸಲ್ಫೈಡ್ ಪದರದೊಂದಿಗೆ ಆ ಗೆರೆಗಳೂ ತುಸು ಸವೆಯುತ್ತವೆ. ಕೆಲವು ಸೆಕೆಂಡು ಅದ್ದಿದ್ದರೆ ಪತ್ತೆ ಕಷ್ಟ. ಪದೇ ಪದೇ ಅದ್ದಿದ್ದರೆ ಬಿಳಿ ಉಳಿದು ಜೀವ ಹೋಗಿರುತ್ತದೆ, ಪಟ್ಟೆಗಳು ಸುತ್ತುವುದಿಲ್ಲ. ಸರಿಯಾಗಿ ತೊಳೆಯದಿದ್ದರೆ ಮುಂದೆ ಕಂದು ಕಲೆ ಏಳುತ್ತದೆ.

ಉಜ್ಜಿದ್ದರ ಗುರುತು ಬೇರೆ: ಒಂದೇ ದಿಕ್ಕಿಗೆ ಓಡುವ ಕೂದಲೆಳೆಯ ಗೀರುಗಳು, ಅಕ್ಷರಗಳ ಸಂದಿಯಲ್ಲಿ ಮಾತ್ರ ಉಳಿದ ಕಪ್ಪು ಕೊಳೆ. ಇಲ್ಲಿ ಹಲವರು ಎಡವುತ್ತಾರೆ. ಅಚ್ಚನ್ನು ನಯಗೊಳಿಸಿದಾಗ ಬರುವ ಗೆರೆಗಳು ನಾಣ್ಯದ ಮೇಲೆ ಉಬ್ಬಿರುತ್ತವೆ, ಸಾಮಾನ್ಯವಾಗಿ ಚಿತ್ರದ ಅಂಚಿಗೆ ನಿಲ್ಲುತ್ತವೆ. ಉಜ್ಜಿದ ಗೀರು ಕೊರೆದಿರುತ್ತದೆ, ಮುಖದ ಕೆನ್ನೆಯ ಮೇಲೂ ಹಾಯುತ್ತದೆ. ಅಚ್ಚಿನಿಂದ ಬಂದ ಉಬ್ಬು ಗೆರೆ ದೋಷವಲ್ಲ, ಅದಕ್ಕಾಗಿ ಒಳ್ಳೆಯ ನಾಣ್ಯವನ್ನು ಬಿಡಬೇಡಿ.

ತಾಮ್ರದಲ್ಲಿ ಗುಲಾಬಿ ಛಾಯೆಯ ಅಸಹಜ ಹೊಳಪೇ ಸ್ವಚ್ಛಗೊಳಿಸಿದ್ದಕ್ಕೆ ಸಾಕ್ಷಿ.

ಎರಡರಲ್ಲೊಂದನ್ನೇ ಕೊಳ್ಳಬೇಕಾದರೆ ಲಘುವಾಗಿ ಅದ್ದಿದ್ದನ್ನು ಆರಿಸಿ, ಏಕೆಂದರೆ ಉಜ್ಜಿದ ಗೀರು ಮಾಸುವುದಿಲ್ಲ. ಪಕ್ಕದಲ್ಲಿ ಸಮನಾಗಿ ಕಪ್ಪಿಟ್ಟ, ಮುಟ್ಟದ ನಾಣ್ಯವಿದ್ದರೆ ಎರಡನ್ನೂ ಬಿಟ್ಟು ಅದನ್ನೇ ಎತ್ತಿಕೊಳ್ಳಿ.