ಕರುಳಿನ ಕ್ಯಾನ್ಸರ್ ಸ್ಲೈಡ್ ಸೆಟ್: ಸ್ಲೈಡ್‌ಗಳು ಅಚ್ಚುಕಟ್ಟು, ಕೈಪಿಡಿ ತಪ್ಪು

ಸಹಜ ಜೀವಕೋಶ ಕ್ಯಾನ್ಸರ್ ಆಗುವ ದಾರಿಯನ್ನು ಕಲಿಸಲು ತಯಾರಿಸಿದ ನಾಲ್ಕು ಸ್ಲೈಡ್‌ಗಳ ಸೆಟ್ ಇದು. ದೊಡ್ಡ ಕರುಳಿನ ಸಹಜ ಒಳಪದರ, ಅಡಿನೋಮಾ (ಇನ್ನೂ ಕ್ಯಾನ್ಸರ್ ಆಗದ ಗ್ರಂಥಿ ಗೆಡ್ಡೆ), ಅಡಿನೋಕಾರ್ಸಿನೋಮಾ (ಗ್ರಂಥಿಯ ಕ್ಯಾನ್ಸರ್), ಜೊತೆಗೆ ಅದೇ ಕ್ಯಾನ್ಸರ್ ಗೆಡ್ಡೆಯ ಪಿ53 ಸ್ಟೇನ್ (ಪಿ53 ಎಂಬ ಪ್ರೋಟೀನ್ ಇರುವಲ್ಲಿ ಕಂದು ಬಣ್ಣ ಬರಿಸುವ ವಿಧಾನ). ಸೆಕ್ಷನ್‌ಗಳು (ಅಂಗಾಂಶದ ಸೀಳುಗಳು) ತೆಳ್ಳಗಿವೆ, ಮಡಿಕೆಯಿಲ್ಲ. ದಪ್ಪಗಿದ್ದರೆ ನ್ಯೂಕ್ಲಿಯಸ್‌ಗಳು ಒಂದರ ಮೇಲೊಂದು ಬಿದ್ದು ಸಹಜ ಅಂಗಾಂಶವೂ ಅಡಿನೋಮಾದಂತೆ ಕಂಡುಬಿಡುತ್ತದೆ.

ಸೂಕ್ಷ್ಮದರ್ಶಕದ 10ಎಕ್ಸ್ ಮಸೂರದಲ್ಲಿ ಶುರುಮಾಡಿ. ಸಹಜ ಸ್ಲೈಡಿನಲ್ಲಿ ಗ್ರಂಥಿಗಳು ಸಾಲಾಗಿ ನಿಲ್ಲಿಸಿದ ಪ್ರನಾಳಗಳಂತಿವೆ. 40ಎಕ್ಸ್‌ಗೆ ಹೋದರೆ ಚಿಕ್ಕ ನ್ಯೂಕ್ಲಿಯಸ್‌ಗಳು ಕೋಶದ ಬುಡದಲ್ಲಿ, ಮೇಲೆ ತುಂಬಿದ ಲೋಳೆ. ವಿಭಜನೆಯಾಗುತ್ತಿರುವ ಕೋಶಗಳು ಗ್ರಂಥಿಯ ಕೆಳಭಾಗದಲ್ಲಷ್ಟೇ ಸಿಗುತ್ತವೆ. ಅಡಿನೋಮಾದಲ್ಲಿ ಅವು ಮೇಲ್ಮೈವರೆಗೂ ಹತ್ತಿವೆ, ನ್ಯೂಕ್ಲಿಯಸ್ ಉದ್ದವಾಗಿ, ಕಪ್ಪಾಗಿ, ಒತ್ತೊತ್ತಾಗಿದೆ, ಲೋಳೆ ಕಡಿಮೆ. ಬಹುತೇಕ ಅಡಿನೋಮಾಗಳಲ್ಲಿ ಎಪಿಸಿ ಜೀನಿನ ಎರಡೂ ಪ್ರತಿಗಳು ಕೆಟ್ಟಿರುತ್ತವೆ. ಆಗ ಬೀಟಾ-ಕ್ಯಾಟೆನಿನ್ ಎಂಬ ಪ್ರೋಟೀನ್ ನಾಶವಾಗದೆ ಉಳಿದು, ವಿಭಜನೆ ನಿಲ್ಲಿಸಬೇಕಾದ ಕೋಶಕ್ಕೂ 'ವಿಭಜಿಸು' ಎಂಬ ಸಂಕೇತ ಹೋಗುತ್ತಲೇ ಇರುತ್ತದೆ. ಇಷ್ಟಾದರೂ ಇದು ಕ್ಯಾನ್ಸರ್ ಅಲ್ಲ. ಒಳಪದರದ ಕೆಳಗಿನ ತೆಳು ಸ್ನಾಯುಪಟ್ಟಿ ಇಲ್ಲಿ ಅಖಂಡವಾಗಿದೆ. ಮೂರನೆಯ ಸ್ಲೈಡಿನಲ್ಲಿ ಗ್ರಂಥಿಗಳು ಅದನ್ನು ದಾಟಿ ನುಗ್ಗಿವೆ. ಕರುಳಿನಲ್ಲಿ ಕ್ಯಾನ್ಸರ್ ಎಂದು ತೀರ್ಮಾನಿಸುವುದು ಈ ದಾಟುವಿಕೆಯಿಂದಲೇ. ಆ ಗೆರೆ ಇಷ್ಟು ಸ್ಪಷ್ಟವಾಗಿ ಸಿಕ್ಕಿರುವುದೇ ಈ ಸೆಟ್‌ನ ದೊಡ್ಡ ಗುಣ.

ಕೈಪಿಡಿಯನ್ನು ಮಾತ್ರ ಮಕ್ಕಳ ಕೈಗೆ ಕೊಡಬೇಡಿ. 'ಒಂದು ಮ್ಯುಟೇಶನ್ ಆದರೆ ಕ್ಯಾನ್ಸರ್' ಎಂದು ಬರೆದಿದ್ದಾರೆ (ಮ್ಯುಟೇಶನ್ ಎಂದರೆ ಜೀನಿನಲ್ಲಾಗುವ ಬದಲಾವಣೆ). ಕರುಳಿನಲ್ಲಿ ಸಾಮಾನ್ಯವಾಗಿ ಎಪಿಸಿ, ಕೆರಾಸ್, ಪಿ53 ಹೀಗೆ ಜೀನ್‌ಗಳು ಒಂದರ ಮೇಲೊಂದು ಕೆಡುತ್ತಾ ಬರಲು ಹಲವು ವರ್ಷಗಳೇ ಬೇಕು. ಕೆರಾಸ್ ಪ್ರೋಟೀನ್ ವಿಭಜನೆಯ ಸಂಕೇತ ಕೊಡುವ ಸ್ವಿಚ್ಚಿನಂತೆ; ಕೆಟ್ಟ ಕೆರಾಸ್‌ಗೆ ತನಗಂಟಿದ, ತನ್ನನ್ನು ಆನ್ ಇಡುವ ಜಿಟಿಪಿ ಅಣುವನ್ನು ಒಡೆಯಲಾಗುವುದಿಲ್ಲ, ಹಾಗಾಗಿ ಅದು ಆಫ್ ಆಗುವುದೇ ಇಲ್ಲ. ಪಿ53 ಹೋದರೆ ಡಿಎನ್‌ಎ ಹಾಳಾದ ಕೋಶವೂ ಸಾಯದೆ ವಿಭಜಿಸುತ್ತದೆ.

ಇನ್ನೂ ಗಂಭೀರ ತಪ್ಪು ನಾಲ್ಕನೆಯ ಸ್ಲೈಡಿನ ವಿವರಣೆಯಲ್ಲಿದೆ: 'ಕಂದು ಬಣ್ಣ ಬಂದಿದೆ, ಅಂದರೆ ಪಿ53 ಚೆನ್ನಾಗಿ ಕೆಲಸ ಮಾಡುತ್ತಿದೆ.' ಇದು ತೀರಾ ಉಲ್ಟಾ. ಸಹಜ ಪಿ53 ಬೇಗನೆ ನಾಶವಾಗುವುದರಿಂದ ಅಲ್ಲೊಂದು ಇಲ್ಲೊಂದು ನ್ಯೂಕ್ಲಿಯಸ್ ಮಾತ್ರ ತೆಳುವಾಗಿ ಬಣ್ಣ ಹಿಡಿಯುತ್ತದೆ. ಕೆಟ್ಟ ಪ್ರೋಟೀನ್ ಶೇಖರವಾದಾಗ ಹೆಚ್ಚುಕಡಿಮೆ ಎಲ್ಲ ನ್ಯೂಕ್ಲಿಯಸ್‌ಗಳೂ ಗಾಢ ಕಂದು. ಕೆಲವು ಮ್ಯುಟೇಶನ್‌ಗಳಲ್ಲಿ ಪ್ರೋಟೀನೇ ತಯಾರಾಗದೆ ಗೆಡ್ಡೆ ಪೂರ್ತಿ ಬಣ್ಣವಿಲ್ಲದೆ ಉಳಿಯುವುದೂ ಉಂಟು. ಸ್ಟೇನ್ ಸರಿಯಾಗಿದೆಯೇ ಎಂದು ತಿಳಿಯಲು ಪಕ್ಕದ ಸಹಜ ಕೋಶಗಳನ್ನು ನೋಡಿ; ಈ ಸ್ಲೈಡಿನ ಅಂಚಿನಲ್ಲಿ ಅವು ಉಳಿದಿವೆ.

ಬೆಳಕಿಗೆ ಬಿಟ್ಟರೆ ಬಣ್ಣ ಮಾಸುತ್ತದೆ, ಪೆಟ್ಟಿಗೆ ಮುಚ್ಚಿಡಿ. ಸ್ಲೈಡ್‌ಗಳಿಗಾಗಿ ಧಾರಾಳವಾಗಿ ಕೊಳ್ಳಬಹುದು. ವಿವರಣೆಯನ್ನು ನೀವೇ ಬರೆದುಕೊಳ್ಳಿ.