ಡಯಲ್ ಎಲ್ಲಿ ನಿಲ್ಲಬೇಕು? ಆಟೊ, ‘ಎ’, ‘ಎಂ’ ಮೂರರಲ್ಲೂ ತೆಗೆದು ನೋಡಿದ್ದು

ಕ್ಯಾಮೆರಾ ಕೈಗೆ ಬಂದ ವಾರದೊಳಗೆ ಯಾರಾದರೂ ಒಬ್ಬರು ಹೇಳಿಯೇ ಹೇಳುತ್ತಾರೆ: ‘ಆಟೊದಲ್ಲಿ ತೆಗೆದ್ರೆ ಏನೂ ಕಲಿಯಲ್ಲ, ಮ್ಯಾನ್ಯುಯಲ್‌ಗೆ ಹಾಕು.’ ನನಗೂ ಹೇಳಿದರು, ನಾನೂ ಹಾಕಿದೆ. ಮನೆಯೊಳಗೆ ಕಿಟಕಿಯ ಬೆಳಕಿಗೆ ಎಲ್ಲ ಹೊಂದಿಸಿಕೊಂಡು ನಾಲ್ಕು ಫೋಟೊ ತೆಗೆದು ಬೀಗುತ್ತಿದ್ದೆ. ಅಷ್ಟರಲ್ಲಿ ಹೊರಗಿನಿಂದ ಅಣ್ಣನ ಮಗಳ ಕೂಗು. ಸೈಕಲ್ಲಿನ ಹಿಂದೆ ಯಾರೂ ಹಿಡಿದಿಲ್ಲ, ಅವಳೊಬ್ಬಳೇ ತುಳಿದುಕೊಂಡು ಬರುತ್ತಿದ್ದಾಳೆ. ಓಡಿಹೋಗಿ ಐದು ಸಲ ಕ್ಲಿಕ್ ಮಾಡಿದೆ.

‘ಚಿಕ್ಕಪ್ಪ, ತೆಗೆದ್ಯಾ?’

ತೆಗೆದಿದ್ದೆ. ಆದರೆ ಕ್ಯಾಮೆರಾ ಇನ್ನೂ ಒಳಮನೆಯ ಲೆಕ್ಕದಲ್ಲೇ ಇತ್ತು: ಎಫ್/2.8, ಶಟರ್ 1/60, ಐಎಸ್‌ಒ 800. ನೆತ್ತಿಯ ಬಿಸಿಲಿಗೆ ಅದು ಬೇಕಾದ್ದಕ್ಕಿಂತ ನಾನೂರು ಪಟ್ಟಿಗೂ ಹೆಚ್ಚು ಬೆಳಕು. ಸಿಕ್ಕಿದ್ದು ಐದು ಬಿಳಿ ಹಾಳೆ.

ಆ ಸಿಟ್ಟಿನಲ್ಲಿ ಶುರುವಾದದ್ದು ಈ ಪರೀಕ್ಷೆ. ಹತ್ತು ವರ್ಷ ಹಳೆಯ ಒಂದು ಡಿಎಸ್‌ಎಲ್‌ಆರ್, ಅದಕ್ಕೆ 50 ಮಿ.ಮೀ. ಎಫ್/1.8 ಲೆನ್ಸ್. ಒಂದೊಂದು ದೃಶ್ಯವನ್ನೂ ಮೂರು ಮೋಡ್‌ನಲ್ಲಿ ತೆಗೆಯುವುದು: ಪೂರ್ತಿ ಆಟೊ, ಅಪರ್ಚರ್ ಪ್ರಯಾರಿಟಿ, ಪೂರ್ತಿ ಮ್ಯಾನ್ಯುಯಲ್ (ಡಯಲ್ ಮೇಲೆ ‘ಎಂ’). ಅಪರ್ಚರ್ ಪ್ರಯಾರಿಟಿಗೆ ನಿಕಾನ್, ಸೋನಿಯ ಡಯಲ್ ಮೇಲೆ ‘ಎ’ ಎಂದಿರುತ್ತದೆ, ಕ್ಯಾನನ್‌ನಲ್ಲಿ ‘ಎವಿ’; ಎರಡೂ ಒಂದೇ. ಸಾಕ್ಷಿಗೆ ಜೇಬಿನಲ್ಲಿದ್ದ ಫೋನನ್ನೂ ಪ್ರತಿ ಸಲ ಎತ್ತಿದೆ. ಒಂದು ತಿಂಗಳು ನಡೆಯಿತು. ಮನೆಯವರಿಗೆ ಸಾಕುಬೇಕಾಗಿತ್ತು.

ಮೂರು ಮೋಡ್‌ಗಳ ವ್ಯತ್ಯಾಸ ಇಷ್ಟೇ. ಫೋಟೊ ಎಷ್ಟು ಬೆಳ್ಳಗೆ ಅಥವಾ ಕಪ್ಪಗೆ ಬರುತ್ತದೆಂಬುದನ್ನು ಮೂರು ಸಂಗತಿ ನಿರ್ಧರಿಸುತ್ತವೆ: ಲೆನ್ಸಿನ ಕಿಂಡಿ ಎಷ್ಟು ಅಗಲ ತೆರೆದಿದೆ (ಅಪರ್ಚರ್, ಎಫ್ ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು), ಎಷ್ಟು ಹೊತ್ತು ಬೆಳಕು ಒಳಗೆ ಬಿಡುತ್ತದೆ (ಶಟರ್, 1/60 ಎಂದರೆ ಸೆಕೆಂಡಿನ ಅರವತ್ತರಲ್ಲಿ ಒಂದು ಭಾಗ), ಬಂದ ಬೆಳಕನ್ನು ಕ್ಯಾಮೆರಾ ಎಷ್ಟು ಹಿಗ್ಗಿಸಿ ತೋರಿಸುತ್ತದೆ (ಐಎಸ್‌ಒ). ಆಟೊದಲ್ಲಿ ಮೂರೂ ಕ್ಯಾಮೆರಾದ ಇಷ್ಟ. ‘ಎಂ’ನಲ್ಲಿ ಮೂರೂ ನಿಮ್ಮ ಇಷ್ಟ. ‘ಎ’ನಲ್ಲಿ ಕಿಂಡಿ ನಿಮ್ಮದು, ಶಟರ್ ಕ್ಯಾಮೆರಾದ್ದು, ಐಎಸ್‌ಒ ಅನ್ನು ನೀವೇ ಇಡಬಹುದು, ಕ್ಯಾಮೆರಾಗೂ ಬಿಡಬಹುದು. ಶಟರ್ ನಿಮ್ಮ ಕೈಗೆ ಕೊಡುವ ‘ಎಸ್’ ಅಥವಾ ‘ಟಿವಿ’ ಮೋಡ್ ಕೂಡ ಇದೆ. ಎರಡು ದಿನ ನೋಡಿ ಬಿಟ್ಟೆ: ಒಳಗೆ 1/1000 ಕೇಳಿದರೆ ಲೆನ್ಸಿನ ಕಿಂಡಿ ಅದಕ್ಕೆ ತಕ್ಕಷ್ಟು ಅಗಲವಾಗಲು ಸಾಧ್ಯವೇ ಇಲ್ಲ, ಕತ್ತಲೆ ಫೋಟೊ ಕೈಗಿಡುತ್ತದೆ.

ಕಿಟಕಿ ಪಕ್ಕ ಕೂತ ಅಮ್ಮ

ಮಧ್ಯಾಹ್ನ ಮೂರರ ಹೊತ್ತು, ಒಂದೇ ಕಿಟಕಿ. ಆಟೊಗೆ ಹಾಕಿ ಶಟರ್ ಬಟನ್ ಅರ್ಧ ಒತ್ತಿದ್ದೇ ತಡ, ಕ್ಯಾಮೆರಾ ತಲೆಯ ಮೇಲಿಂದ ಫ್ಲಾಶ್ ಟಪ್ಪೆಂದು ಎದ್ದಿತು. ಫೋಟೊದಲ್ಲಿ ಅಮ್ಮನ ಹಣೆ ಹೊಳೆಯುತ್ತಿದೆ, ಹಿಂದಿನ ಗೋಡೆಯ ಮೇಲೆ ಅವರದೇ ಕರಿ ನೆರಳು, ಕಿಟಕಿಯ ಬೆಳಕು ಇತ್ತೆಂಬುದಕ್ಕೆ ಕುರುಹೇ ಇಲ್ಲ. ಆಟೊದ ಮೇಲೆ ನನ್ನ ದೊಡ್ಡ ತಕರಾರು ಇದೇ. ಅದು ಲೆಕ್ಕ ತಪ್ಪುವುದಕ್ಕಿಂತ ಹೆಚ್ಚಾಗಿ, ಕೇಳದೇ ದೀಪ ಹಚ್ಚುತ್ತದೆ.

‘ಎ’ನಲ್ಲಿ ಫ್ಲಾಶ್ ನೀವು ಎಬ್ಬಿಸಿದರೆ ಮಾತ್ರ ಏಳುತ್ತದೆ. ಎಫ್/2.8ಕ್ಕೆ ಇಟ್ಟೆ, ಮಿಕ್ಕಿದ್ದನ್ನು ಅದೇ ನೋಡಿಕೊಂಡಿತು. ಕೆನ್ನೆಯ ಒಂದು ಪಕ್ಕ ಬೆಳಕು, ಇನ್ನೊಂದು ಪಕ್ಕ ಮೆಲ್ಲಗೆ ನೆರಳಿಗೆ ಜಾರುತ್ತದೆ, ಹಿಂದಿನ ಕಪಾಟು ಕರಗಿಹೋಗಿದೆ. ಎಫ್/1.8ರಲ್ಲೂ ತೆಗೆದು ನೋಡಿದೆ. ಅಷ್ಟು ಹತ್ತಿರದಿಂದ ತೆಗೆದಾಗ ಕಿಟಕಿ ಕಡೆಯ ಕಣ್ಣಿನ ರೆಪ್ಪೆ ಎಣಿಸಬಹುದು, ಇನ್ನೊಂದು ಕಣ್ಣು ಮಂಜು. ಹೊಸಬರು ಲೆನ್ಸ್ ತಂದ ದಿನ ಅದರ ಅತಿ ಚಿಕ್ಕ ಸಂಖ್ಯೆಗೇ ಅಂಟಿಕೊಳ್ಳುತ್ತಾರೆ, ಎಫ್/2.8 ಅಥವಾ 4 ಸಾಕು. ಫೋಕಸ್ ಚುಕ್ಕೆ ಮಾತ್ರ ಹತ್ತಿರದ ಕಣ್ಣಿನ ಮೇಲೇ ಇರಲಿ.

‘ಎಂ’ನಲ್ಲಿ ಬಂದದ್ದೂ ಅದೇ ಫೋಟೊ, ಆದರೆ ನಾಲ್ಕು ಸಲ ತಿದ್ದಿದ ಮೇಲೆ. ನಡುವೆ ಒಂದು ಮೋಡ ಅಡ್ಡ ಬಂದು ಎಲ್ಲ ಮೊದಲಿಂದ. ‘ಇನ್ನೂ ಎಷ್ಟು ಹೊತ್ತೋ?’ ಎಂದರು ಅಮ್ಮ. ಆ ಮುಖವೂ ಫೋಟೊದಲ್ಲಿದೆ.

ಫೋನ್ ಇಲ್ಲಿ ಚೆನ್ನಾಗಿಯೇ ಆಡಿತು. ಪೋರ್ಟ್ರೇಟ್ ಮೋಡ್ ಹಿಂಬದಿಯನ್ನು ಲೆಕ್ಕ ಹಾಕಿ ಮಸುಕಾಗಿಸುವಾಗ ಕನ್ನಡಕದ ಕಡ್ಡಿ ಕಿವಿಯ ಹತ್ತಿರ ಅರ್ಧಕ್ಕೇ ಮಾಯವಾಗಿತ್ತು, ಅಷ್ಟೆ. ಯಾವ ಕ್ಯಾಮೆರಾ ಆದರೂ ಈ ಫೋಟೊಗೆ ಮೊದಲು ಮಾಡಬೇಕಾದ್ದು ಒಂದಿದೆ, ಅದು ಡಯಲ್‌ನಲ್ಲಿಲ್ಲ: ಎದ್ದುಹೋಗಿ ಟ್ಯೂಬ್‌ಲೈಟ್ ಆರಿಸುವುದು. ಎರಡು ಬಣ್ಣದ ಬೆಳಕು ಒಂದೇ ಮುಖದ ಮೇಲೆ ಬಿದ್ದರೆ ಅರ್ಧ ಮುಖ ನೀಲಿ, ಅರ್ಧ ಹಸಿರು. ಆಮೇಲೆ ತಿದ್ದುತ್ತೇನೆಂದರೆ ಅದು ಬಗ್ಗುವುದಿಲ್ಲ.

ಓಡುವ ಮಗು

ಇಲ್ಲಿ ‘ಎ’ ನನಗೆ ಕೈಕೊಟ್ಟಿತು. ತಪ್ಪು ನನ್ನದೇ ಅನ್ನುವುದು ಎರಡು ಸಂಜೆ ಹಾಳಾದ ಮೇಲೆ ತಿಳಿಯಿತು.

ಸಂಜೆ ಬೆಳಕು ಇಳಿಯುವ ಹೊತ್ತು, ಅಣ್ಣನ ಮಗಳು ನನ್ನ ಕಡೆಗೆ ಓಡಿ ಬರುತ್ತಾಳೆ. ಆಟೊ 1/60 ಹಿಡಿಯಿತು: ಮುಖ ಗುರುತು ಸಿಗುತ್ತದೆ, ಜಡೆ ಮಾತ್ರ ಬ್ರಷ್ಷಿನಲ್ಲಿ ಎಳೆದ ಕಂದು ಗೆರೆ. ‘ಎ’ ಇನ್ನೂ ಕೆಟ್ಟದ್ದು. ‘ಐಎಸ್‌ಒ ಕಡಿಮೆ ಇದ್ದಷ್ಟೂ ಒಳ್ಳೇದು’ ಎಂದು ಎಲ್ಲೋ ಕೇಳಿ 100ಕ್ಕೆ ಕಟ್ಟಿಹಾಕಿದ್ದೆ. ಕ್ಯಾಮೆರಾಗೆ ಉಳಿದ ದಾರಿ ಒಂದೇ, ಶಟರ್ ನಿಧಾನ ಮಾಡುವುದು. 1/40ಕ್ಕೆ ಇಳಿಯಿತು. ಮಗು ಅಲ್ಲ, ಮಗುವಿನ ಆವಿ.

ಮೂರನೇ ಸಂಜೆ ಮೆನು ಕೆದಕುತ್ತಿರುವಾಗ ಆಟೊ ಐಎಸ್‌ಒ ಒಳಗೆ ಒಂದು ಸಾಲು ಕಂಡಿತು: ಕನಿಷ್ಠ ಶಟರ್ ವೇಗ. ಅಲ್ಲಿ 1/500 ಬರೆದೆ, ಐಎಸ್‌ಒಗೆ 3200ರ ಗಡಿ ಹಾಕಿದೆ. ಅದೇ ಬೆಳಕು, ಅದೇ ಎಫ್/2.8, ಈ ಸಲ ಕ್ಯಾಮೆರಾ ಐಎಸ್‌ಒ ಅನ್ನು 1250ರ ಸುತ್ತಮುತ್ತ ಏರಿಸಿಕೊಂಡಿತು, ಶಟರ್ ಮಾತ್ರ 1/500 ಬಿಟ್ಟು ಇಳಿಯಲಿಲ್ಲ. ಜಡೆಯ ತುದಿಯ ರಬ್ಬರ್ ಬ್ಯಾಂಡ್ ಗಾಳಿಯಲ್ಲಿ ನಿಂತಿದೆ. ಎತ್ತಿದ ಹಿಮ್ಮಡಿಯ ಹಿಂದೆ ಮಣ್ಣಿನ ಕಣಗಳು ಬಿಡಿಬಿಡಿಯಾಗಿ ತೂಗುತ್ತಿವೆ. ನಡುವೆ 1/250ರಲ್ಲೂ ತೆಗೆದು ನೋಡಿದ್ದೆ: ಮುಖ ಸ್ಪಷ್ಟ, ಪಾದ ಕಲೆಸಿದೆ. ಸುಮ್ಮನೆ ಕೂತವರಿಗೆ 1/125, ನಡೆಯುವವರಿಗೆ 1/250, ಓಡುವ ಮಕ್ಕಳಿಗೂ ನಾಯಿಗೂ 1/500. ಈ ಲೆಕ್ಕ ನನಗೆ ಇದುವರೆಗೆ ಕೈಕೊಟ್ಟಿಲ್ಲ.

ಐಎಸ್‌ಒ ಏರಿದರೆ ಫೋಟೊ ಮೇಲೆ ಮರಳು ಉದುರಿಸಿದಂತೆ ಕಾಣುತ್ತದೆ, ನಿಜ. ಆದರೆ ಮರಳನ್ನು ಸಾಫ್ಟ್‌ವೇರ್ ಸಾಕಷ್ಟು ಗುಡಿಸುತ್ತದೆ, ಫೋನ್ ಸ್ಕ್ರೀನಿನ ಅಳತೆಯಲ್ಲಿ ಅದು ಕಾಣುವುದೂ ಇಲ್ಲ. ಕಲೆಸಿಹೋದ ಮುಖಕ್ಕೆ ಮದ್ದಿಲ್ಲ. ಹೊಸಬರ ಕ್ಯಾಮೆರಾ ಯಾರಾದರೂ ನನ್ನ ಕೈಗೆ ಕೊಟ್ಟರೆ ನಾನು ಮುಟ್ಟುವ ಸೆಟ್ಟಿಂಗ್ ಈ ಕನಿಷ್ಠ ಶಟರ್ ವೇಗ ಒಂದೇ. ಹಳೆಯ ಕ್ಯಾಮೆರಾದಲ್ಲಿ ಆ ಸಾಲು ಇಲ್ಲವೇ? ಐಎಸ್‌ಒ ಅನ್ನು ಕೈಯಾರೆ 800ಕ್ಕೋ 1600ಕ್ಕೋ ಏರಿಸಿ, ಶಟರ್ ಸಂಖ್ಯೆ ಎಷ್ಟು ತೋರಿಸುತ್ತಿದೆ ನೋಡಿಕೊಂಡು ತೆಗೆಯಿರಿ.

‘ಎಂ’ನಲ್ಲಿ 1/500 ಸುಲಭ, ಒಮ್ಮೆ ಇಟ್ಟರಾಯಿತು. ಆದರೆ ಮಗು ಮರದ ನೆರಳಿಂದ ಬಿಸಿಲಿಗೆ, ಬಿಸಿಲಿಂದ ನೆರಳಿಗೆ ಓಡುತ್ತದೆ. ಬಿಸಿಲಲ್ಲಿ ಸರಿಯಿದ್ದದ್ದು ನೆರಳಲ್ಲಿ ಕಪ್ಪು. ಐಎಸ್‌ಒ ಒಂದನ್ನು ಆಟೊಗೆ ಬಿಟ್ಟರೆ ‘ಎಂ’ ಕೂಡ ಗೆಲ್ಲುತ್ತದೆ. ಹಾಗೆ ಬಿಟ್ಟಮೇಲೆ ಅದನ್ನು ಮ್ಯಾನ್ಯುಯಲ್ ಅನ್ನಬೇಕೋ ಬೇಡವೋ ಎಂಬ ಜಗಳಕ್ಕೆ ನಾನು ಬರುವುದಿಲ್ಲ. ಫೋನ್ ಬಿಸಿಲಿರುವ ತನಕ ಸಮ, ಸಂಜೆಯಾದಂತೆ ಹಿಂದೆ ಬಿತ್ತು.

ಕಪ್ಪು ಬೆಕ್ಕು, ಬಿಳಿ ಗೋಡೆ

ಇದು ಚಿಕ್ಕ ಪರೀಕ್ಷೆ ಅಂದುಕೊಂಡಿದ್ದೆ. ಮ್ಯಾನ್ಯುಯಲ್ ಬಗ್ಗೆ ನನಗಿದ್ದ ಭಕ್ತಿ ಇಳಿದದ್ದು ಇಲ್ಲೇ.

ಕಪ್ಪು ಬೆಕ್ಕು ಕಡುನೀಲಿ ಹೊದಿಕೆಯ ಮೇಲೆ ಮಲಗಿದೆ. ಆಟೊ ತೆಗೆದ ಫೋಟೊದಲ್ಲಿ ಅದು ಬೂದಿಯಲ್ಲಿ ಹೊರಳಿ ಬಂದಂತಿದೆ. ಹಾಗೇ ಬಿಳಿ ಗೋಡೆ ತೆಗೆದರೆ ಗೋಡೆಯೂ ಬೂದಿ. ಕಾರಣ ಮೀಟರ್, ಅಂದರೆ ಕ್ಯಾಮೆರಾ ಒಳಗೆ ಬೆಳಕು ಅಳೆಯುವ ಸಾಧನ. ಎದುರಿಗಿರುವುದು ಬೆಕ್ಕೋ ಗೋಡೆಯೋ ಅದಕ್ಕೆ ಗೊತ್ತಿಲ್ಲ. ಲೋಕವೆಲ್ಲ ಸರಾಸರಿಯಲ್ಲಿ ನಡುಬೂದು, ಹಳಬರ ಲೆಕ್ಕದಲ್ಲಿ ಬೆಳಕಿನ ಶೇ 18ರಷ್ಟನ್ನು ಹಿಂದಿರುಗಿಸುವ ಬಣ್ಣ, ಎಂದು ನಂಬಿ ಕೆಲಸ ಮಾಡುತ್ತದೆ.

ಹಾಗಾದರೆ ‘ಎಂ’ಗೆ ಹಾಕಿದರೆ ಸರಿಹೋಗುತ್ತದೆಯೇ? ಹಾಕಿದೆ. ಕಿಂಡಿ ತಿರುಗಿಸಿದೆ, ಶಟರ್ ತಿರುಗಿಸಿದೆ, ವ್ಯೂಫೈಂಡರ್ ಕೆಳಗಿನ ಗುರುತು ಸೊನ್ನೆಗೆ ಬಂದು ನಿಂತ ಮೇಲೆ ಕ್ಲಿಕ್ ಮಾಡಿದೆ. ಅದೇ ಬೂದಿ ಬೆಕ್ಕು! ಯಾಕೆಂದರೆ ಸೊನ್ನೆ ಎಲ್ಲಿ ಎಂದು ಹೇಳುವುದೂ ಅದೇ ಮೀಟರ್. ಗುರುತನ್ನು ಸೊನ್ನೆಗೆ ಕೂರಿಸಿ ಒತ್ತುವ ಮ್ಯಾನ್ಯುಯಲ್ ಎಂದರೆ ಆಟೊ ಮಾಡುವ ಕೆಲಸವನ್ನೇ ನಿಧಾನವಾಗಿ ಮಾಡುವುದು. ವರ್ಷಗಟ್ಟಲೆ ನಾನು ಕಲಿಯುತ್ತಿದ್ದೇನೆ ಅಂದುಕೊಂಡದ್ದು ಇದನ್ನೇ.

‘ಎ’ನಲ್ಲಿ ಇದಕ್ಕೊಂದು ಬಟನ್ ಇದೆ, ಮೇಲೆ ಕೂಡು-ಕಳೆ ಗುರುತು. ಎಕ್ಸ್‌ಪೋಷರ್ ಕಾಂಪೆನ್ಸೇಷನ್ ಎಂಬ ಉದ್ದ ಹೆಸರು. ಒತ್ತಿ ಹಿಡಿದು ಚಕ್ರ ತಿರುಗಿಸಿ ಮೈನಸ್ ಒಂದಕ್ಕೆ ತಂದರೆ ಬೆಕ್ಕು ಕಪ್ಪು. ಪ್ಲಸ್ ಒಂದಕ್ಕೆ ಅಥವಾ ಒಂದೂವರೆಗೆ ತಂದರೆ ಗೋಡೆ ಬಿಳಿ. ಬಿಳಿಗೆ ಕೂಡು, ಕಪ್ಪಿಗೆ ಕಳೆ. ಹೊಸಬರ ಮನಸ್ಸು ಉಲ್ಟಾ ಹೇಳುತ್ತದೆ, ಗೋಡೆ ಅಷ್ಟು ಬಿಳಿ ಇದೆಯಲ್ಲ, ಬೆಳಕು ತಗ್ಗಿಸೋಣ ಎಂದು. ಕಿಟಕಿಗೆ ಬೆನ್ನು ಹಾಕಿ ನಿಂತವರ ಮುಖ ಕಪ್ಪಾಗುವುದಕ್ಕೂ ಇದೇ ಮದ್ದು, ಪ್ಲಸ್. ನನ್ನ ಕ್ಯಾಮೆರಾದ ಪೂರ್ತಿ ಆಟೊದಲ್ಲಿ ಈ ಬಟನ್ ಕೆಲಸವೇ ಮಾಡುವುದಿಲ್ಲ.

ಫೋನಿನವರೂ ಕೇಳಿಸಿಕೊಳ್ಳಿ. ಹೆಚ್ಚಿನ ಫೋನ್‌ಗಳಲ್ಲಿ ಕಿಂಡಿ ಸ್ಥಿರ, ಹಾಗಾಗಿ ‘ಎ’ಗೆ ಅಲ್ಲಿ ಅರ್ಥವಿಲ್ಲ. ಆದರೆ ಸ್ಕ್ರೀನಿನ ಮೇಲೆ ಬೆಕ್ಕನ್ನು ಬೆರಳಿಂದ ಮುಟ್ಟಿ, ಪಕ್ಕದಲ್ಲಿ ಮೂಡುವ ಸೂರ್ಯನ ಚಿತ್ರವನ್ನು ಕೆಳಗೆಳೆದರೆ ಅದೇ ಮೈನಸ್. ಎಲ್ಲವನ್ನೂ ಕೈಯಾರೆ ಹೊಂದಿಸುವ ಪ್ರೊ ಮೋಡ್‌ಗೆ ಹೋಗುವ ಹಂಗೇ ಇಲ್ಲ. ಹಲವು ಫೋನ್‌ಗಳು ಪ್ರೊ ಮೋಡ್‌ನಲ್ಲಿ ತಮ್ಮ ದೊಡ್ಡ ಬಲವನ್ನೇ, ಅಂದರೆ ಹಲವು ಫ್ರೇಮ್ ತೆಗೆದು ಒಂದಾಗಿಸುವ ಜಾಣ್ಮೆಯನ್ನೇ, ಬದಿಗಿಡುತ್ತವೆ. ನಾನು ಹೋಲಿಸಿದ ರಾತ್ರಿ ಫೋಟೊಗಳಲ್ಲಿ ಪ್ರೊಗಿಂತ ಸಾದಾ ನೈಟ್ ಮೋಡ್ ಪ್ರತಿ ಸಲ ಗೆದ್ದಿತು.

ದೂರದ ಗುಡ್ಡ, ಆಕಾಶ, ಬಯಲು ತೆಗೆದಾಗ ಮೂರು ಮೋಡ್‌ಗೂ ಫೋನಿಗೂ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಅಲ್ಲಿ ಕೆಡುವುದು ಒಂದೇ, ದಿಗಂತ ವಾಲುವುದು.

‘ಎಂ’ ಗೆದ್ದ ರಾತ್ರಿ

ಹುಣ್ಣಿಮೆ ಚಂದ್ರ. ಗೆಳೆಯನಿಂದ ಎರವಲು ತಂದ 200 ಮಿ.ಮೀ. ಲೆನ್ಸ್. ಆಟೊದಲ್ಲಿ ಚಂದ್ರ ಸುಣ್ಣದ ಬಿಲ್ಲೆ, ಒಂದು ಕಲೆಯೂ ಕಾಣದು. ಫ್ರೇಮಿನ ತುಂಬ ಕಪ್ಪು ಆಕಾಶ, ಮೀಟರ್ ಅದನ್ನೂ ಬೂದಿ ಮಾಡಲು ಹೆಣಗುತ್ತದೆ. ‘ಎ’ನಲ್ಲಿ ಮೈನಸ್ ಮೂರಕ್ಕೆ ಇಳಿಸಿದರೂ ಸಾಲಲಿಲ್ಲ.

ಚಂದ್ರ ಇರುವುದು ರಾತ್ರಿಯಲ್ಲಲ್ಲ, ಹಗಲು ಬಿಸಿಲಿನಲ್ಲಿ. ಅದರ ಮೇಲೆ ಬಿದ್ದಿರುವುದೂ ಸೂರ್ಯನ ಬೆಳಕೇ. ಫಿಲ್ಮ್ ಕಾಲದ ಒಂದು ಸೂತ್ರ: ಬಿಸಿಲಿನಲ್ಲಿ ಎಫ್/16, ಶಟರ್ ಐಎಸ್‌ಒ ಸಂಖ್ಯೆಯಷ್ಟೇ; ಚಂದ್ರನಿಗೆ ಎಫ್/11. ಅಂದರೆ ಐಎಸ್‌ಒ 200ಕ್ಕೆ ಎಫ್/11, 1/200. ಆದರೆ 200 ಮಿ.ಮೀ. ಲೆನ್ಸ್ ಕೈಯಲ್ಲಿ ಹಿಡಿದರೆ 1/200 ಅಲುಗುತ್ತದೆ. ಕೈಯಲ್ಲಿ ಹಿಡಿದಾಗ ಶಟರ್ ವೇಗ ಲೆನ್ಸಿನ ಮಿ.ಮೀ. ಸಂಖ್ಯೆಯಷ್ಟಾದರೂ ಇರಲಿ ಎಂಬುದು ರೂಢಿ. ನನ್ನ ಕ್ಯಾಮೆರಾದ ಸೆನ್ಸರ್ (ಬೆಳಕು ಹಿಡಿಯುವ ಫಲಕ) ಚಿಕ್ಕದು, ಹಾಗಾಗಿ ಅದರ ಒಂದೂವರೆ ಪಟ್ಟು, ಅಂದರೆ 1/300ಕ್ಕಿಂತ ಮೇಲೆ ಬೇಕು. ಕಿಂಡಿಯನ್ನು ಒಂದು ಮೆಟ್ಟಿಲು ಅಗಲಿಸಿ ಎಫ್/8, ಶಟರ್ 1/400. ಮೀಟರ್ ಗುರುತು ಎಡತುದಿಯಲ್ಲಿ ಬಡಿದುಕೊಳ್ಳುತ್ತಿತ್ತು, ಅದರ ಕಡೆ ನೋಡಲೇ ಇಲ್ಲ. ಚಂದ್ರನ ಮೇಲಿನ ಕಲೆಗಳೆಲ್ಲ ಬಂದವು. ಮೀಟರ್ ಮಾತು ಕೇಳಬಾರದೆಂದು ನಿಮಗೆ ಕಾರಣ ಸಮೇತ ಗೊತ್ತಿದ್ದಾಗ ‘ಎಂ’ ಬೇಕು. ಒಂದೇ ಬೆಳಕಲ್ಲಿ ಹತ್ತು ಫೋಟೊ ಒಂದೇ ತರ ಬರಬೇಕಾದಾಗಲೂ, ಪನೋರಮಾ ಜೋಡಿಸುವಾಗಲೂ.

ಈಗ ನನ್ನ ಡಯಲ್ ‘ಎ’ ಮೇಲಿದೆ: ಎಫ್/4, ಆಟೊ ಐಎಸ್‌ಒ, ಕನಿಷ್ಠ ಶಟರ್ 1/250. ಅದರ ಒಂದು ಕೆಟ್ಟ ಚಾಳಿಯನ್ನೂ ಹೇಳಿಬಿಡಬೇಕು. ನನ್ನ ಕ್ಯಾಮೆರಾ ಆರಿಸಿದರೂ ಕೂಡು-ಕಳೆ ಸೊನ್ನೆಗೆ ಮರಳುವುದಿಲ್ಲ. ಬೆಕ್ಕಿಗೆ ಹಾಕಿದ ಮೈನಸ್ ಒಂದು ಮರುದಿನ ಬೆಳಿಗ್ಗೆಯ ಫೋಟೊಗಳಲ್ಲೆಲ್ಲ ಮುಸುಕಿನಂತೆ ಕೂತಿತ್ತು, ಗೊತ್ತಾದದ್ದು ಮಧ್ಯಾಹ್ನ.

ಆಟೊ? ಅದನ್ನು ಪೂರ್ತಿ ಬಿಟ್ಟಿಲ್ಲ. 1888ರಲ್ಲಿ ಜಾರ್ಜ್ ಈಸ್ಟ್‌ಮನ್ ತಂದ ಮೊದಲ ಕೊಡಕ್ ಕ್ಯಾಮೆರಾಗೆ ಶಟರ್ ವೇಗ ಒಂದೇ, ಫೋಕಸ್ ಮಾಡುವ ಗೊಡವೆಯೇ ಇಲ್ಲ, ನೂರು ಫೋಟೊ ಮುಗಿದ ಮೇಲೆ ಕ್ಯಾಮೆರಾವನ್ನೇ ಕಂಪನಿಗೆ ಕಳಿಸಬೇಕಿತ್ತು. ಜನ ಅದರಲ್ಲೂ ಒಳ್ಳೆಯ ಫೋಟೊ ತೆಗೆದರು. ನಾನೂ ಫೋಟೊದಲ್ಲಿ ಇರಬೇಕಾದಾಗ, ಕ್ಯಾಮೆರಾ ಬೇರೆಯವರ ಕೈಗೆ ಹೋಗುವ ಮುಂಚೆ ಡಯಲ್ ‘ಪಿ’ಗೆ ತಿರುಗಿಸುತ್ತೇನೆ, ಆಟೊದ್ದೇ ತಮ್ಮ, ಕೇಳದೇ ಫ್ಲಾಶ್ ಎಬ್ಬಿಸುವುದಿಲ್ಲ. ಬೆಳಕು ಸರಿಯಿರುತ್ತದೆ, ಫೋಕಸ್ ಸರಿಯಿರುತ್ತದೆ, ನನ್ನ ತಲೆ ಮಾತ್ರ ಹಣೆಯಿಂದ ಮೇಲಕ್ಕೆ ಫ್ರೇಮಿನ ಹೊರಗಿರುತ್ತದೆ. ಅದಕ್ಕೆ ಡಯಲ್ ಮೇಲೆ ಅಕ್ಷರವಿಲ್ಲ.