ಒಂದು ಕ್ರಿಯಾಪದ ಹಿಡಿದು ನೋಡಿದ ವಿಜ್ಞಾನ ನಿಘಂಟು

ಶಿವಮೊಗ್ಗದ ದುರ್ಗಿಗುಡಿಯ ಪುಸ್ತಕದಂಗಡಿಯೊಂದರಲ್ಲಿ 650 ರೂಪಾಯಿ ಕೊಟ್ಟು ಕೊಂಡ ಇಂಗ್ಲಿಷ್–ಕನ್ನಡ ವಿಜ್ಞಾನ ನಿಘಂಟನ್ನು ಇಡೀ ಒಂದು ಮಳೆಗಾಲ ಬಳಸಿ ಈ ಅಭಿಪ್ರಾಯ ಬರೆಯುತ್ತಿದ್ದೇನೆ. ಹೊಲಿಗೆಯ ಬೈಂಡಿಂಗ್ ಗಟ್ಟಿಯಾಗಿದೆ. ತೀರ್ಥಹಳ್ಳಿಯ ನಮ್ಮ ಮನೆಯ ತೇವದಲ್ಲೂ ಹಾಳೆಗಳಿಗೆ ಬೂಸ್ಟು ಹಿಡಿಯಲಿಲ್ಲ. ನನ್ನ ತಕರಾರಿರುವುದು 'ಫೋಲಿಯೇಟ್' ಎಂಬ ಅಪರೂಪದ ಕ್ರಿಯಾಪದದ ವಿಷಯದಲ್ಲಿ.

ನಿಘಂಟು ಅದಕ್ಕೆ 'ಪದರ ಕಟ್ಟು' ಎಂಬ ಒಂದೇ ಅರ್ಥ ಕೊಡುತ್ತದೆ. ಭೂವಿಜ್ಞಾನ ಓದುವ ಮಕ್ಕಳು ಇದರಿಂದ ದಾರಿ ತಪ್ಪುತ್ತಾರೆ. ನೀರಿನ ತಳದಲ್ಲಿ ಮರಳು, ಮಣ್ಣು ಒಂದರ ಮೇಲೊಂದು ಕೂತು ಪದರ ಕಟ್ಟುವ ಕ್ರಿಯೆಯೇ ಬೇರೆ. ಈ ಪದ ಹೇಳುವುದು, ಮೊದಲೇ ಇದ್ದ ಕಲ್ಲು ನೆಲದಾಳದ ಒತ್ತಡಕ್ಕೂ ಕಾವಿಗೂ ಸಿಕ್ಕಿ, ಅದರೊಳಗಿನ ಅಭ್ರಕದಂಥ ಚಪ್ಪಟೆ ಖನಿಜಗಳು ಒತ್ತಡದ ದಿಕ್ಕಿಗೆ ಅಡ್ಡಲಾಗಿ ಸಾಲುಗೂಡುವುದನ್ನು. ಸ್ಲೇಟು, ಶಿಸ್ಟ್, ನೈಸ್ ಶಿಲೆಗಳು ಹೀಗಾದವು, ಮತ್ತು ಭೂವಿಜ್ಞಾನದ ನಕ್ಷೆಗಳಲ್ಲಿ ಒಂದು ಶಿಸ್ಟ್ ಪಟ್ಟಿಗೆ ಶಿವಮೊಗ್ಗದ ಹೆಸರೇ ಇದೆ. ರಸ್ತೆ ಅಗಲಿಸಲು ಕಡಿದ ಧರೆಯಿಂದ ತಂದ ಶಿಸ್ಟ್ ಚೂರೊಂದು ನನ್ನ ಮೇಜಿನ ಮೇಲಿದೆ. ಕಿಟಕಿಯ ಬೆಳಕಿಗೆ ಹಿಡಿದರೆ ಅದರ ಅಗಲದ ಮೈಯೆಲ್ಲ ಒಮ್ಮೆಲೇ ಮಿಂಚುತ್ತದೆ. ಅಂಚು ತಿರುಗಿಸಿದರೆ ಮಂಕಾದ ಸಣ್ಣ ಗೆರೆಗಳಷ್ಟೇ ಕಾಣುತ್ತವೆ. ಉಗುರು ತಾಗಿಸಿದರೆ ಹಕ್ಕಳೆಯೊಂದು ಏಳುತ್ತದೆ.

ಗಣಿತದ ಅರ್ಥವನ್ನಂತೂ ನಿಘಂಟು ಮುಟ್ಟಿಯೇ ಇಲ್ಲ. 1940ರ ದಶಕದಲ್ಲಿ ಫ್ರಾನ್ಸಿನ ಚಾರ್ಲ್ಸ್ ಎರೆಸ್ಮನ್ ಮತ್ತು ಜಾರ್ಜ್ ರೀಬ್ ರೂಪಿಸಿದ ಈ ಕಲ್ಪನೆಯಲ್ಲಿ, ಒಂದು ಅವಕಾಶವನ್ನು (ಗಣಿತದ 'ಸ್ಪೇಸ್') ಅದಕ್ಕಿಂತ ಕಡಿಮೆ ಆಯಾಮದ 'ಎಲೆ'ಗಳು ಎಲ್ಲಿಯೂ ಒಂದನ್ನೊಂದು ಕತ್ತರಿಸದೆ, ಎಲ್ಲಿಯೂ ತೆರಪು ಬಿಡದೆ ತುಂಬುತ್ತವೆ. ನಡುವಿನ ಒಂದು ಬಿಂದುವನ್ನು ಬಿಟ್ಟರೆ, ಒಂದರೊಳಗೊಂದು ಕೂತ ಗೋಳಗಳು ಇಡೀ ಅವಕಾಶವನ್ನು ಹೀಗೆ ತುಂಬಬಲ್ಲವು. ಇದಕ್ಕಿಂತ ಸೊಗಸಾದ ಉದಾಹರಣೆ ಉದ್ದಿನ ವಡೆಯ ಆಕಾರದ ಮೈ: ಅದರ ಮೇಲೆ ಅಭಾಗಲಬ್ಧ, ಎಂದರೆ ಭಿನ್ನರಾಶಿಯಾಗಿ ಬರೆಯಲಾಗದ, ಓರೆಯಲ್ಲಿ ಹೊರಟ ಗೆರೆ ಎಷ್ಟು ಸುತ್ತಿದರೂ ಹೊರಟ ಜಾಗಕ್ಕೆ ಮರಳಿ ಕೂಡುವುದಿಲ್ಲ, ಆದರೆ ಪ್ರತಿಯೊಂದು ಬಿಂದುವಿನ ಬಳಿಗೂ ಬೇಕಾದಷ್ಟು ಹತ್ತಿರ ಹಾದುಹೋಗುತ್ತದೆ. ಅಂಥ ಒಂದೊಂದು ಗೆರೆಯೂ ಒಂದು ಎಲೆ. ದಪ್ಪವೇ ಇಲ್ಲದ ಗೆರೆಯನ್ನು ಪದರ ಎನ್ನುವುದು ಹೇಗೆ?

ಲ್ಯಾಟಿನ್ ಮೂಲದ 'ಫೋಲಿಯಂ' ಎಂದರೆ ಎಲೆಯೇ. ಹಸ್ತಪ್ರತಿಯ ಹಾಳೆಗಳಿಗೆ ಸಂಖ್ಯೆ ಹಾಕುವುದಕ್ಕೂ ಇದೇ ಕ್ರಿಯಾಪದವಿದೆ; ಕೆಳದಿಯ ವಸ್ತುಸಂಗ್ರಹಾಲಯದಲ್ಲಿ ಓಲೆಗರಿಗಳನ್ನು ಕಂಡವರಿಗೆ ಈ ನಂಟು ಹೊಸದೆನಿಸದು. ಕನ್ನಡಕ್ಕೆ ಇಲ್ಲೊಂದು ಅನುಕೂಲವೂ ಇದೆ: ಕಲ್ಲು 'ಎಲೆಗೊಳ್ಳುತ್ತದೆ', ಗೋಳಗಳು ಅವಕಾಶವನ್ನು 'ಎಲೆಗೊಳಿಸುತ್ತವೆ'. ಇಂಗ್ಲಿಷಿನಲ್ಲಿ ಒಂದೇ ರೂಪ ಹೊರುವ ಎರಡು ಕೆಲಸಗಳನ್ನು ನಮ್ಮ ಪ್ರತ್ಯಯಗಳು ಬೇರ್ಪಡಿಸಿ ತೋರಿಸುತ್ತವೆ.

ಸಸ್ಯವಿಜ್ಞಾನ, ರಸಾಯನವಿಜ್ಞಾನದ ಪದಗಳಿಗಾಗಿ ಈ ನಿಘಂಟನ್ನು ಧೈರ್ಯವಾಗಿ ಕೊಳ್ಳಬಹುದು. ಆ ಭಾಗಗಳು ನಿಜಕ್ಕೂ ಚೆನ್ನಾಗಿವೆ. ಭೂವಿಜ್ಞಾನಕ್ಕೆ, ಮೇಲ್ಮಟ್ಟದ ಗಣಿತಕ್ಕೆ ಮುಂದಿನ ಮುದ್ರಣದವರೆಗೆ ಕಾಯುವುದು ಒಳ್ಳೆಯದು. ನನ್ನ ಪ್ರತಿಯಲ್ಲಿ ಆ ಎರಡು ರೂಪಗಳನ್ನು ಪುಟದಂಚಿನಲ್ಲಿ ಪೆನ್ಸಿಲಿನಿಂದ ಬರೆದಿಟ್ಟುಕೊಂಡಿದ್ದೇನೆ; ಪ್ರಕಾಶಕರಿಗೂ ಬರೆದು ಕಳಿಸಿದ್ದೇನೆ.